ಹೊಸ ಹೈ ಡೆಫಿನಿಷನ್ ಟಿ.ವಿ. ಖರೀದಿ: ಪರದೆಯ ವಿಧಗಳ ತುಲನೆ ಹಾಗೂ ಗ್ರಾಹಕರು ಗಮನಿಸಬೇಕಾದ ಅಂಶಗಳು

(ಸಾರ್ವಜನಿಕರ ತಿಳಿವಳಿಕೆಗಾಗಿ)

ಟಿ.ವಿ.ಯು ಬಹುತೇಕ ಕುಟುಂಬಗಳು ಹಲವು ವರ್ಷಗಳಿಗೊಮ್ಮೆ ಕೊಳ್ಳುವ, ಒಮ್ಮೆಗೇ ದೊಡ್ಡ ಮೊತ್ತವನ್ನು ತೊಡಗಿಸಬೇಕಾದ ವಸ್ತುವಾಗಿದೆ. ಮಾರುಕಟ್ಟೆಯಲ್ಲಿ ಎಚ್.ಡಿ. ರೆಡಿ, ಫುಲ್ ಎಚ್.ಡಿ., 4ಕೆ, ಎಲ್.ಇ.ಡಿ., ಕ್ಯೂ.ಎಲ್.ಇ.ಡಿ., ಒ.ಎಲ್.ಇ.ಡಿ. ಮುಂತಾದ ಹೆಸರುಗಳು ಬಳಕೆಯಲ್ಲಿದ್ದು, ಇವುಗಳಲ್ಲಿ ಕೆಲವು ಚಿತ್ರದ ಸೂಕ್ಷ್ಮತೆಯನ್ನೂ ಕೆಲವು ಪರದೆಯ ರಚನೆಯನ್ನೂ ಸೂಚಿಸುತ್ತವೆ. ಈ ವ್ಯತ್ಯಾಸ ತಿಳಿಯದೆ ಹೆಚ್ಚಿನ ಬೆಲೆ ನೀಡಿ, ಮನೆಗೆ ತಂದ ಮೇಲೆ ಪ್ರಯೋಜನ ಕಾಣದೆ ನಿರಾಶರಾಗುವ ಗ್ರಾಹಕರಿದ್ದಾರೆ. ಟಿ.ವಿ.ಯನ್ನು ತನ್ನ ಕೊಠಡಿಯ ಅಳತೆ, ಬೆಳಕು ಮತ್ತು ನೋಡುವ ಕಾರ್ಯಕ್ರಮಗಳಿಗೆ ಅನುಗುಣವಾಗಿ ಆಯ್ಕೆ ಮಾಡಿ, ಆ ಆಯ್ಕೆಗೆ ಲಿಖಿತ ದಾಖಲೆ ಇಟ್ಟುಕೊಳ್ಳುವ ಗ್ರಾಹಕನಿಗೆ ನಷ್ಟದ ಸಂಭವ ಕಡಿಮೆ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ

ಭಾರತದಲ್ಲಿ ದೂರದರ್ಶನ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷದಲ್ಲಿ, ವರ್ಣ ಪ್ರಸಾರ ಬಂದಿತು. 2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನವು ಹೈ ಡೆಫಿನಿಷನ್ ಗುಣಮಟ್ಟದಲ್ಲಿ ಪ್ರಸಾರ ಮಾಡಿತು. ಹಿಂದೆ ಬಹುತೇಕ ಎಲ್ಲ ಮನೆಗಳಲ್ಲಿಯೂ ಇದ್ದುದು ಪಿಕ್ಚರ್ ಟ್ಯೂಬ್‌ನ ಒಂದೇ ಬಗೆಯ ಟಿ.ವಿ. ಆದುದರಿಂದ ಗ್ರಾಹಕರು ಗಾತ್ರ ಮತ್ತು ಕಂಪನಿಯನ್ನು ನೋಡಿದರೆ ಸಾಕಾಗುತ್ತಿತ್ತು. ಈಗ ಪರದೆಯ ಬಗೆಯನ್ನೂ ತಿಳಿಯುವುದು ಅವಶ್ಯಕವಾಗಿದೆ.

2. ಚಿತ್ರಬಿಂದುಗಳ ಲೆಕ್ಕ

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂದು ಕರೆಯಲಾಗುವ ಅತಿ ಚಿಕ್ಕ ಬಿಂದುಗಳಿಂದ ಆಗಿರುತ್ತದೆ. ಅಡ್ಡಸಾಲಿನ ಬಿಂದುಗಳನ್ನು ಉದ್ದಸಾಲಿನ ಬಿಂದುಗಳಿಂದ ಗುಣಿಸಿದರೆ ಒಟ್ಟು ಸಂಖ್ಯೆ ದೊರೆಯುತ್ತದೆ.

- ಸಾಮಾನ್ಯ ವಾಹಿನಿ (ಎಸ್.ಡಿ.): 720 × 576, ಒಟ್ಟು 4,14,720
- ಎಚ್.ಡಿ.: 1280 × 720, ಒಟ್ಟು 9,21,600
- ಫುಲ್ ಎಚ್.ಡಿ.: 1920 × 1080, ಒಟ್ಟು 20,73,600
- 4ಕೆ (ಅಲ್ಟ್ರಾ ಎಚ್.ಡಿ.): 3840 × 2160, ಒಟ್ಟು 82,94,400
- 8ಕೆ: 7680 × 4320, ಒಟ್ಟು 3,31,77,600

'ಎಚ್.ಡಿ. ರೆಡಿ' ಎಂದು ಮಾರಾಟವಾಗುವ 32 ಇಂಚಿನ ಟಿ.ವಿ.ಗಳ ಪರದೆಯು ಸಾಮಾನ್ಯವಾಗಿ 1366 × 768 ಬಿಂದುಗಳದ್ದಾಗಿರುತ್ತದೆ. ಇಂತಹ ಟಿ.ವಿ.ಯ ವಿವರಪಟ್ಟಿಯಲ್ಲಿ '1080 ಸಪೋರ್ಟ್' ಎಂದು ನಮೂದಿಸಿರುವುದುಂಟು. ಫುಲ್ ಎಚ್.ಡಿ. ಚಿತ್ರವನ್ನು ಟಿ.ವಿ.ಯು ಸ್ವೀಕರಿಸುತ್ತದೆ ಎಂಬುದಷ್ಟೇ ಇದರ ಅರ್ಥ. ತೋರಿಸುವುದು ತನ್ನಲ್ಲಿರುವ ಬಿಂದುಗಳಷ್ಟನ್ನೇ. ಆದುದರಿಂದ 'ಪರದೆಯ ರೆಸೊಲ್ಯೂಷನ್' ಎಂಬ ಸಾಲಿನ ಎದುರಿಗಿರುವ ಅಂಕಿಯನ್ನೇ ಪರಿಶೀಲಿಸತಕ್ಕದ್ದು.

ಇನ್ನೊಂದು ಲೆಕ್ಕವನ್ನೂ ಗಮನಿಸುವುದು ಸೂಕ್ತ. ಸಾಮಾನ್ಯ ವಾಹಿನಿಯ ಚಿತ್ರಕ್ಕಿಂತ 4ಕೆ ಪರದೆಯಲ್ಲಿ ಸರಿಯಾಗಿ 20 ಪಟ್ಟು ಬಿಂದುಗಳಿರುತ್ತವೆ. ಅಂದರೆ ಬಂದ ಪ್ರತಿ ಒಂದು ಬಿಂದುವಿಗೆ 19 ಬಿಂದುಗಳನ್ನು ಟಿ.ವಿ.ಯೇ ಅಂದಾಜಿನಿಂದ ತುಂಬಬೇಕಾಗುತ್ತದೆ. ದೊಡ್ಡ 4ಕೆ ಟಿ.ವಿ.ಯಲ್ಲಿ ಸಾಮಾನ್ಯ ವಾಹಿನಿಯು ಹಳೆಯ ಚಿಕ್ಕ ಟಿ.ವಿ.ಗಿಂತಲೂ ಮಸುಕಾಗಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ಇದನ್ನು ಟಿ.ವಿ.ಯ ದೋಷವೆಂದು ಭಾವಿಸಬೇಕಾಗಿಲ್ಲ. ಎಚ್.ಡಿ. ಚಿತ್ರ ದೊರೆಯಬೇಕಾದರೆ ಎಚ್.ಡಿ. ವಾಹಿನಿಯ ಚಂದಾ, ಎಚ್.ಡಿ. ಸೆಟ್ ಟಾಪ್ ಬಾಕ್ಸ್ ಮತ್ತು ಎಚ್.ಡಿ.ಎಂ.ಐ. ಕೇಬಲ್, ಈ ಮೂರೂ ಇರಬೇಕು. ಕೆಂಪು, ಬಿಳಿ, ಹಳದಿ ಬಣ್ಣದ ಹಳೆಯ ತಂತಿಗಳ ಮೂಲಕ ಎಚ್.ಡಿ. ಚಿತ್ರ ಬರುವುದಿಲ್ಲ. 4ಕೆ ದೃಶ್ಯಗಳು ಮುಖ್ಯವಾಗಿ ಅಂತರ್ಜಾಲದ ಮೂಲಕ ಬರುವುದರಿಂದ ಸುಮಾರು 15ರಿಂದ 25 ಎಂ.ಬಿ.ಪಿ.ಎಸ್. ವೇಗದ ನಿರಂತರ ಸಂಪರ್ಕ ಬೇಕಾಗುತ್ತದೆ.

3. ಕುಳಿತು ನೋಡುವ ದೂರ

ಬಿಂದುಗಳು ಹೆಚ್ಚಿದ್ದರೂ ಅವುಗಳನ್ನು ಕಣ್ಣು ಬೇರ್ಪಡಿಸಿ ಕಾಣುವುದು ಒಂದು ದೂರದವರೆಗೆ ಮಾತ್ರ. ಸಾಮಾನ್ಯ ದೃಷ್ಟಿಯುಳ್ಳವರಿಗೆ ಫುಲ್ ಎಚ್.ಡಿ. ಚಿತ್ರದ ಪೂರ್ಣ ಸೂಕ್ಷ್ಮತೆ ಪರದೆಯ ಎತ್ತರದ ಸುಮಾರು 3 ಪಟ್ಟು ದೂರದವರೆಗೆ ಕಾಣುತ್ತದೆ. 4ಕೆ ಚಿತ್ರದ ಪೂರ್ಣ ಸೂಕ್ಷ್ಮತೆ ಕಾಣಲು ಎತ್ತರದ ಸುಮಾರು ಒಂದೂವರೆ ಪಟ್ಟು ದೂರಕ್ಕೆ ಬರಬೇಕಾಗುತ್ತದೆ.

ಪರದೆಯ ಗಾತ್ರವನ್ನು ಮೂಲೆಯಿಂದ ಮೂಲೆಗೆ ಅಳೆಯಲಾಗುತ್ತದೆ. ಫುಲ್ ಎಚ್.ಡಿ. ಸೂಕ್ಷ್ಮತೆ ಪೂರ್ಣವಾಗಿ ಕಾಣುವ ಗರಿಷ್ಠ ದೂರ ಸುಮಾರಾಗಿ ಈ ಕೆಳಕಂಡಂತಿದೆ.

- 32 ಇಂಚು (81 ಸೆಂ.ಮೀ.): ಎತ್ತರ 40 ಸೆಂ.ಮೀ., ದೂರ 4 ಅಡಿ
- 43 ಇಂಚು (109 ಸೆಂ.ಮೀ.): ಎತ್ತರ 54 ಸೆಂ.ಮೀ., ದೂರ ಐದೂವರೆ ಅಡಿ
- 55 ಇಂಚು (140 ಸೆಂ.ಮೀ.): ಎತ್ತರ 69 ಸೆಂ.ಮೀ., ದೂರ 7 ಅಡಿ
- 65 ಇಂಚು (165 ಸೆಂ.ಮೀ.): ಎತ್ತರ 81 ಸೆಂ.ಮೀ., ದೂರ 8 ಅಡಿ

ಉದಾಹರಣೆಗೆ, 10 ಅಡಿ ಅಗಲದ ಹಾಲ್‌ನಲ್ಲಿ ಸೋಫಾದಿಂದ ಗೋಡೆಗೆ 8 ಅಡಿ ದೂರವಿದ್ದಲ್ಲಿ, 43 ಇಂಚಿನ ಟಿ.ವಿ.ಯಲ್ಲಿ ಫುಲ್ ಎಚ್.ಡಿ. ಮತ್ತು 4ಕೆ ನಡುವಿನ ಸೂಕ್ಷ್ಮತೆಯ ವ್ಯತ್ಯಾಸ ಕಾಣುವುದು ಕಷ್ಟ. 43 ಇಂಚು ಹಾಗೂ ಅದಕ್ಕಿಂತ ದೊಡ್ಡ ಟಿ.ವಿ.ಗಳಲ್ಲಿ ಬಹುಪಾಲು ಈಗ 4ಕೆ ಆಗಿಯೇ ಬರುತ್ತಿದ್ದು, ಅದನ್ನು ಬೇಡವೆನ್ನುವ ಅಗತ್ಯವಿಲ್ಲ. ಆದರೆ 4ಕೆ ಎಂಬ ಒಂದೇ ಕಾರಣಕ್ಕೆ ಹೆಚ್ಚಿನ ಮೊತ್ತ ನೀಡುವ ಬದಲು ಅದೇ ಹಣವನ್ನು ಉತ್ತಮ ಪರದೆಗೆ ಅಥವಾ ಖಾತರಿಗೆ ವಿನಿಯೋಗಿಸುವುದು ಲಾಭಕರ. 8ಕೆ ಟಿ.ವಿ.ಯಿಂದ ಸಾಮಾನ್ಯ ಮನೆಗಳಿಗೆ ವಿಶೇಷ ಪ್ರಯೋಜನವಿಲ್ಲ.

ಖರೀದಿಗೆ ಮುನ್ನ ಹಳೆಯ ದಿನಪತ್ರಿಕೆಗಳನ್ನು ಟಿ.ವಿ.ಯ ಅಗಲ ಮತ್ತು ಎತ್ತರಕ್ಕೆ ಜೋಡಿಸಿ ಗೋಡೆಗೆ ಅಂಟಿಸಿ ನೋಡಿದರೆ ಗಾತ್ರದ ಸರಿಯಾದ ಕಲ್ಪನೆ ಬರುತ್ತದೆ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂ.ಮೀ., 55 ಇಂಚಿನದು ಸುಮಾರು 122 ಸೆಂ.ಮೀ. ಇರುತ್ತದೆ.

4. ಪರದೆಯ ವಿಧಗಳು

(ಅ) ಎಲ್.ಸಿ.ಡಿ. ಮತ್ತು ಎಲ್.ಇ.ಡಿ.: ಎಲ್.ಸಿ.ಡಿ. ಪರದೆಯ ದ್ರವ ಸ್ಫಟಿಕವು ತಾನಾಗಿ ಬೆಳಗುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಬಿಡುವ ಅಥವಾ ತಡೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಮೊದಲು ಹಿಂಬೆಳಕಿಗೆ ಪಾದರಸವಿರುವ ತೆಳು ಟ್ಯೂಬ್‌ಲೈಟ್‌ಗಳನ್ನು ಬಳಸಲಾಗುತ್ತಿತ್ತು. ನಂತರ ಆ ಸ್ಥಾನಕ್ಕೆ ಎಲ್.ಇ.ಡಿ. ದೀಪಗಳು ಬಂದವು. ಆದುದರಿಂದ ಎಲ್.ಇ.ಡಿ. ಟಿ.ವಿ. ಎಂದು ಮಾರಾಟವಾಗುವುದು ಎಲ್.ಇ.ಡಿ. ಹಿಂಬೆಳಕಿನ ಎಲ್.ಸಿ.ಡಿ. ಟಿ.ವಿ.ಯೇ ಆಗಿರುತ್ತದೆ. ಬೆಲೆ ಮಿತ, ಹಗಲಿನ ಬೆಳಕಿನಲ್ಲಿ ಸ್ಪಷ್ಟತೆ ಉತ್ತಮ. ಹಿಂಬೆಳಕು ಪೂರ್ಣವಾಗಿ ತಡೆಯಲ್ಪಡದ ಕಾರಣ ಕತ್ತಲೆಯ ದೃಶ್ಯಗಳಲ್ಲಿ ಕಪ್ಪು ಬಣ್ಣ ಬೂದಿಯಂತೆ ಕಾಣುವುದು ಇದರ ಮಿತಿ.

ಎಲ್.ಸಿ.ಡಿ.ಯಲ್ಲಿಯೇ ಎರಡು ಮುಖ್ಯ ಬಗೆಗಳಿವೆ. ಐ.ಪಿ.ಎಸ್. ಪರದೆಯ ಬಣ್ಣಗಳು ಬದಿಯಿಂದ ನೋಡಿದರೂ ಹೆಚ್ಚು ಬದಲಾಗುವುದಿಲ್ಲ. ವಿ.ಎ. ಪರದೆಯ ಕಪ್ಪು ಹೆಚ್ಚು ಗಾಢ, ಆದರೆ ಬದಿಯಿಂದ ನೋಡಿದಾಗ ಬಣ್ಣ ಮಂಕಾಗುತ್ತದೆ. ಮನೆಮಂದಿ ದಿವಾನ್, ಕುರ್ಚಿ, ನೆಲ ಎಂದು ಕೊಠಡಿಯ ಎಲ್ಲೆಡೆ ಕುಳಿತು ನೋಡುವುದಾದರೆ ಐ.ಪಿ.ಎಸ್. ಸೂಕ್ತ, ಎದುರಿಗೆ ಒಂದೇ ಸೋಫಾ ಇದ್ದಲ್ಲಿ ವಿ.ಎ. ಸೂಕ್ತ.

(ಆ) ಕ್ಯೂ.ಎಲ್.ಇ.ಡಿ.: ಇದೂ ಮೂಲತಃ ಎಲ್.ಸಿ.ಡಿ. ಪರದೆಯೇ. ಹಿಂಬೆಳಕಿನ ಮುಂದೆ 'ಕ್ವಾಂಟಂ ಡಾಟ್' ಎಂಬ ಅತಿ ಸೂಕ್ಷ್ಮ ಕಣಗಳ ಪದರವಿದ್ದು, ಬಣ್ಣಗಳು ಹೆಚ್ಚು ಶುದ್ಧವಾಗಿ ಮೂಡುತ್ತವೆ. ಈ ಕಣಗಳ ಸಂಶೋಧನೆಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿದೆ. ಹೆಸರಿನಲ್ಲಿ ಹೋಲಿಕೆಯಿದ್ದರೂ ಕ್ಯೂ.ಎಲ್.ಇ.ಡಿ. ಮತ್ತು ಒ.ಎಲ್.ಇ.ಡಿ. ಬೇರೆ ಬೇರೆ ತಂತ್ರಜ್ಞಾನಗಳೆಂಬುದನ್ನು ಗ್ರಾಹಕರು ಅವಶ್ಯವಾಗಿ ಗಮನಿಸುವುದು.

(ಇ) ಮಿನಿ ಎಲ್.ಇ.ಡಿ.: ಹಿಂಬೆಳಕಿಗೆ ಅತಿ ಚಿಕ್ಕ ದೀಪಗಳನ್ನು ಹೆಚ್ಚು ಸಂಖ್ಯೆಯಲ್ಲಿ ಬಳಸಿ, ಅವುಗಳನ್ನು ವಲಯಗಳಾಗಿ ವಿಂಗಡಿಸಿ, ದೃಶ್ಯದ ಕಪ್ಪು ಭಾಗದ ಹಿಂದಿರುವ ವಲಯವನ್ನು ಮಾತ್ರ ಮಂದಗೊಳಿಸಲಾಗುತ್ತದೆ. ಹೊಳಪು ಮತ್ತು ಕಪ್ಪು ಎರಡೂ ಸಾಮಾನ್ಯ ಎಲ್.ಇ.ಡಿ. ಟಿ.ವಿ.ಗಿಂತ ಉತ್ತಮ. ವಲಯಗಳ ಸಂಖ್ಯೆ ಎಷ್ಟೆಂದು ಕೇಳಿ ತಿಳಿಯುವುದು. ಸಂಖ್ಯೆ ಕಡಿಮೆಯಿದ್ದಲ್ಲಿ ಬಿಳಿ ಅಕ್ಷರಗಳ ಸುತ್ತ ಮಬ್ಬು ಪ್ರಭೆ ಕಾಣಬಹುದು.

(ಈ) ಒ.ಎಲ್.ಇ.ಡಿ.: ಇದರಲ್ಲಿ ಹಿಂಬೆಳಕು ಇರುವುದಿಲ್ಲ. ಪ್ರತಿಯೊಂದು ಬಿಂದುವೂ ಸ್ವತಃ ಬೆಳಗುತ್ತದೆ ಹಾಗೂ ಪೂರ್ಣವಾಗಿ ಆರುತ್ತದೆ. ಆದುದರಿಂದ ಕಪ್ಪು ಅತ್ಯಂತ ಗಾಢ. ಬದಿಯಿಂದಲೂ ಚಿತ್ರ ಉತ್ತಮ. ಈ ಬಗೆಯ ಮೊದಲ ಟಿ.ವಿ. 2007ರಲ್ಲಿ ಜಪಾನಿನಲ್ಲಿ 11 ಇಂಚಿನ ಗಾತ್ರದಲ್ಲಿ ಮಾರಾಟಕ್ಕೆ ಬಂದಿತು. ಬೆಲೆ ಹೆಚ್ಚು. ಒಂದೇ ಸ್ಥಿರ ಚಿತ್ರ ದೀರ್ಘಕಾಲ ನಿಂತಲ್ಲಿ ಅದರ ಗುರುತು ಪರದೆಯಲ್ಲಿ ಶಾಶ್ವತವಾಗಿ ಉಳಿಯುವ ಸಾಧ್ಯತೆ ಇದರ ಮುಖ್ಯ ದೋಷ. ದಿನವಿಡೀ ಸುದ್ದಿವಾಹಿನಿ ಹಾಕಿಡುವ ಮನೆ, ಅಂಗಡಿ, ಹೋಟೆಲುಗಳಲ್ಲಿ ವಾಹಿನಿಯ ಲಾಂಛನ ಮತ್ತು ಕೆಳಗಿನ ಸುದ್ದಿಪಟ್ಟಿ ಗಂಟೆಗಟ್ಟಲೆ ಒಂದೇ ಸ್ಥಳದಲ್ಲಿರುವುದರಿಂದ ಅಲ್ಲಿ ಈ ಬಗೆ ಸೂಕ್ತವಲ್ಲ. ಈ ಗುರುತಿಗೆ ಖಾತರಿ ಅನ್ವಯಿಸುವುದೇ ಎಂಬುದನ್ನು ಖಾತರಿ ಪತ್ರದಲ್ಲಿ ಮೊದಲೇ ಓದಿ ತಿಳಿಯತಕ್ಕದ್ದು.

(ಉ) ಪ್ಲಾಸ್ಮಾ: ಒಂದು ಕಾಲಕ್ಕೆ ದೊಡ್ಡ ಪರದೆಗೆ ಹೆಸರಾಗಿದ್ದ ಈ ಬಗೆಯ ತಯಾರಿಕೆಯನ್ನು ಪ್ರಮುಖ ಕಂಪನಿಗಳು 2013-14ರ ಸುಮಾರಿಗೆ ನಿಲ್ಲಿಸಿದವು. ಬಿಡಿಭಾಗಗಳು ದೊರೆಯುವುದು ಕಷ್ಟವಾದ್ದರಿಂದ ಹಳೆಯ ಪ್ಲಾಸ್ಮಾ ಟಿ.ವಿ.ಯನ್ನು ಅಗ್ಗವೆಂಬ ಕಾರಣಕ್ಕೆ ಕೊಳ್ಳದಿರುವುದು ಒಳಿತು.

5. ಯಾವ ಮನೆಗೆ ಯಾವುದು

- ಕಿಟಕಿ-ಬಾಗಿಲುಗಳಿಂದ ಹೆಚ್ಚು ಬೆಳಕು ಬರುವ, ಹಗಲಿನಲ್ಲಿಯೇ ಹೆಚ್ಚು ನೋಡುವ ಮನೆ: ಎಲ್.ಇ.ಡಿ., ಕ್ಯೂ.ಎಲ್.ಇ.ಡಿ. ಅಥವಾ ಮಿನಿ ಎಲ್.ಇ.ಡಿ.
- ದೀಪ ಆರಿಸಿ ರಾತ್ರಿ ಚಲನಚಿತ್ರ ನೋಡುವ ಮನೆ: ಅನುಕೂಲವಿದ್ದಲ್ಲಿ ಒ.ಎಲ್.ಇ.ಡಿ.; ಇಲ್ಲವಾದಲ್ಲಿ ಮಿನಿ ಎಲ್.ಇ.ಡಿ. ಅಥವಾ ವಿ.ಎ. ಪರದೆ
- ಸುದ್ದಿ ಮತ್ತು ಧಾರಾವಾಹಿ ದಿನವಿಡೀ ನಡೆಯುವ ಮನೆ: ಸಾಮಾನ್ಯ ಎಲ್.ಇ.ಡಿ. ಸಾಕು
- ಕ್ರಿಕೆಟ್ ಹೆಚ್ಚು ನೋಡುವ ಮನೆ: ಪರದೆಯ ನಿಜವಾದ ರಿಫ್ರೆಶ್ ರೇಟ್ 60 ಹರ್ಟ್ಸ್ ಅಥವಾ 120 ಹರ್ಟ್ಸ್ ಎಂಬುದನ್ನು ಪರಿಶೀಲಿಸುವುದು. 'ಮೋಷನ್' ಎಂಬ ಹೆಸರಿನಲ್ಲಿ ನೀಡುವ ದೊಡ್ಡ ಅಂಕಿಗಳು ಪರದೆಯ ನಿಜವಾದ ವೇಗವನ್ನೇ ಸೂಚಿಸುತ್ತವೆಂದು ಭಾವಿಸಬಾರದು

ಎಚ್.ಡಿ.ಆರ್. ಎಂಬ ಸೌಲಭ್ಯವು ಹೊಳಪಿನ ಹಾಗೂ ನೆರಳಿನ ಭಾಗಗಳೆರಡನ್ನೂ ಸ್ಪಷ್ಟವಾಗಿ ತೋರಿಸಲು ಇರುವುದು. ಕಡಿಮೆ ಬೆಲೆಯ ಟಿ.ವಿ.ಗಳು ಎಚ್.ಡಿ.ಆರ್. ಚಿತ್ರವನ್ನು ಸ್ವೀಕರಿಸಿದರೂ ಅದಕ್ಕೆ ಬೇಕಾದ ಹೊಳಪು ಅವುಗಳಲ್ಲಿ ಇರುವುದಿಲ್ಲ. ಹೊಳಪನ್ನು 'ನಿಟ್ಸ್' ಎಂಬ ಮಾನದಲ್ಲಿ ಸೂಚಿಸಲಾಗುತ್ತದೆ. ಈ ಅಂಕಿಯನ್ನು ಕೇಳಿ ಪಡೆಯುವುದು.

6. ಅಂಗಡಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ಅಂಗಡಿಯಲ್ಲಿ ಟಿ.ವಿ.ಗಳನ್ನು ಅತಿ ಹೆಚ್ಚು ಹೊಳಪಿನ 'ಶೋರೂಂ' ಸ್ಥಿತಿಯಲ್ಲಿಟ್ಟು, ಕಂಪನಿಯೇ ತಯಾರಿಸಿದ ದೃಶ್ಯಗಳನ್ನು ತೋರಿಸುವುದು ರೂಢಿ. ಆ ಚಿತ್ರವೇ ಮನೆಯಲ್ಲಿಯೂ ಬರುತ್ತದೆಂದು ತಿಳಿಯಬಾರದು. ಗ್ರಾಹಕರು,

- 'ಹೋಮ್' ಅಥವಾ 'ಸ್ಟ್ಯಾಂಡರ್ಡ್' ಸ್ಥಿತಿಗೆ ಬದಲಾಯಿಸಿ ತೋರಿಸುವಂತೆ ಕೇಳುವುದು;
- ತಾವು ನಿತ್ಯ ನೋಡುವ ವಾಹಿನಿಯನ್ನು ಹಾಕಿಸಿ, ಮನೆಯಲ್ಲಿ ಕುಳಿತುಕೊಳ್ಳುವಷ್ಟೇ ದೂರದಿಂದ ನೋಡುವುದು;
- ಬದಿಗೆ ಸರಿದು ನೋಡುವುದು, ಕತ್ತಲೆಯ ದೃಶ್ಯವೊಂದನ್ನು ನೋಡುವುದು, ಧ್ವನಿಯನ್ನು ಕೇಳುವುದು;
- ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳನ್ನೊಳಗೊಂಡ ಗರಿಷ್ಠ ಮಾರಾಟ ಬೆಲೆ, ಗ್ರಾಹಕ ಸೇವಾ ದೂರವಾಣಿ ಹಾಗೂ ಆಮದು ವಸ್ತುವಾದಲ್ಲಿ ಮೂಲ ದೇಶದ ಹೆಸರು ಇರುವುದನ್ನು ಖಚಿತಪಡಿಸಿಕೊಳ್ಳುವುದು;
- ಭಾರತೀಯ ಮಾನಕ ಬ್ಯೂರೋದ ನೋಂದಣಿ ಚಿಹ್ನೆ ಮತ್ತು ಸಂಖ್ಯೆಯನ್ನು ನೋಡುವುದು. ಈ ಸಂಖ್ಯೆಯನ್ನು ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಪರಿಶೀಲಿಸಬಹುದು;
- ಇಂಧನ ದಕ್ಷತೆಯ ನಕ್ಷತ್ರ ಪಟ್ಟಿಯಲ್ಲಿ ವಾರ್ಷಿಕ ಯೂನಿಟ್‌ಗಳ ಅಂಕಿಯನ್ನು ಹೋಲಿಸುವುದು.

100 ವ್ಯಾಟ್ ಟಿ.ವಿ.ಯು ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ ಸುಮಾರು 182 ಯೂನಿಟ್, 160 ವ್ಯಾಟ್ ಟಿ.ವಿ.ಯು 292 ಯೂನಿಟ್ ವಿದ್ಯುತ್ ಬಳಸುತ್ತದೆ. ಎಂಟು ವರ್ಷಗಳಲ್ಲಿ ವ್ಯತ್ಯಾಸವು 870 ಯೂನಿಟ್ ಮೀರುತ್ತದೆ.

7. ಬೆಲೆ, ತೆರಿಗೆ ಮತ್ತು ಕಂತು

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. 32 ಇಂಚಿನವರೆಗಿನ ಟಿ.ವಿ.ಗಳಿಗೆ ಶೇ. 18ರ ದರ 2019ರ ಜನವರಿಯಿಂದಲೇ ಅನ್ವಯವಾಗಿತ್ತು. ತೆರಿಗೆ ಹೊರತು ₹30,000 ಬೆಲೆಯ 43 ಇಂಚಿನ ಟಿ.ವಿ.ಗೆ ಹಿಂದೆ ₹38,400 ಆಗುತ್ತಿದ್ದುದು ಶೇ. 18ರ ದರದಲ್ಲಿ ₹35,400 ಆಗುತ್ತದೆ. ಗರಿಷ್ಠ ಮಾರಾಟ ಬೆಲೆಯಲ್ಲಿ ತೆರಿಗೆ ಸೇರಿರುವುದರಿಂದ ಅದರ ಮೇಲೆ ಪ್ರತ್ಯೇಕ ತೆರಿಗೆ ಕೇಳುವಂತಿಲ್ಲ.

'ಬಡ್ಡಿರಹಿತ ಕಂತು' ಎಂಬ ಪ್ರಕಟಣೆಯನ್ನು ಲೆಕ್ಕ ಹಾಕಿ ನೋಡುವುದು. ₹36,000 ಬೆಲೆಯ ಟಿ.ವಿ.ಗೆ ನಗದು ಖರೀದಿಯಲ್ಲಿ ₹2,500 ರಿಯಾಯಿತಿ ಇದ್ದು, ಕಂತಿನಲ್ಲಿ ಆ ರಿಯಾಯಿತಿ ಇಲ್ಲದೆ ₹3,000ದ 12 ಕಂತುಗಳ ಜೊತೆಗೆ ₹500 ಸಂಸ್ಕರಣಾ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ₹90 ಪಾವತಿಸಬೇಕೆಂದು ಭಾವಿಸೋಣ. ನಗದಿಗೆ ₹33,500, ಕಂತಿಗೆ ₹36,590 ಆಗುತ್ತದೆ. ಈ ₹3,090 ವ್ಯತ್ಯಾಸವು ವಾರ್ಷಿಕ ಸುಮಾರು ಶೇ. 17ರ ಬಡ್ಡಿಗೆ ಸಮನಾಗಿರುತ್ತದೆ.

ತೆರಿಗೆ ಉಳಿಸುವ ನೆಪದಲ್ಲಿ ಬಿಲ್ಲಿಲ್ಲದೆ ಕೊಳ್ಳುವುದು ಸರ್ವಥಾ ಸಲ್ಲದು. ಖಾತರಿಗೂ ಮುಂದಿನ ದೂರಿಗೂ ಬಿಲ್ಲೇ ಪ್ರಮುಖ ದಾಖಲೆ. ಬಿಲ್ಲಿನಲ್ಲಿ ಮಾದರಿ ಸಂಖ್ಯೆ, ಕ್ರಮಸಂಖ್ಯೆ, ಪರದೆಯ ಬಗೆ ಹಾಗೂ ರೆಸೊಲ್ಯೂಷನ್ ನಮೂದಿಸುವಂತೆ ಕೋರುವುದು. ಮಾರಾಟಗಾರರು ಬಾಯಿಮಾತಿನಲ್ಲಿ ಹೇಳಿದ ಭರವಸೆಗಳನ್ನೂ ಬಿಲ್ಲಿನ ಹಿಂಬದಿಯಲ್ಲಿ ಬರೆಸಿ ಮೊಹರು ಹಾಕಿಸಿಕೊಂಡಲ್ಲಿ ಉತ್ತಮ.

8. ಮನೆಗೆ ಬಂದ ನಂತರ

ಪೆಟ್ಟಿಗೆಯನ್ನು ಕಂಪನಿಯ ತಂತ್ರಜ್ಞರ ಸಮಕ್ಷಮದಲ್ಲಿ ತೆರೆಯಿಸಿ, ತೆರೆಯುವಾಗ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳುವುದು. ಪರದೆಯನ್ನು ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು ಮತ್ತು ನೀಲಿ ಮಾಡಿಸಿ, ಬೆಳಗದ ಬಿಂದುಗಳು ಅಥವಾ ಮಸುಕು ಕಲೆಗಳಿವೆಯೇ ಎಂದು ನೋಡುವುದು. ಬಿರುಕು ಕಂಡಲ್ಲಿ ಅದೇ ದಿನ ಲಿಖಿತವಾಗಿ ತಿಳಿಸುವುದು. ತಡವಾದಲ್ಲಿ ಬಿರುಕು ಮನೆಯಲ್ಲಿಯೇ ಆಯಿತೆಂಬ ವಾದಕ್ಕೆ ಅವಕಾಶವಾಗುತ್ತದೆ.

ಪರದೆಯನ್ನು ಬದಲಾಯಿಸುವ ವೆಚ್ಚ ಹೊಸ ಟಿ.ವಿ.ಯ ಬೆಲೆಗೆ ಸಮೀಪಿಸುವುದುಂಟು. ಆದುದರಿಂದ ಪರದೆಗೆ ಎಷ್ಟು ವರ್ಷದ ಖಾತರಿ ಎಂಬುದನ್ನು ಪ್ರತ್ಯೇಕವಾಗಿ ಕೇಳುವುದು. ಸಿಡಿಲು ಮತ್ತು ವೋಲ್ಟೇಜ್ ಏರಿಳಿತದಿಂದಾದ ಹಾನಿಯನ್ನು ಖಾತರಿಯಿಂದ ಹೊರಗಿಡುವುದು ಸಾಮಾನ್ಯ. ಗುಡುಗು-ಸಿಡಿಲಿನ ಸೂಚನೆ ಕಂಡ ಕೂಡಲೇ ವಿದ್ಯುತ್ ಪ್ಲಗ್ ಹಾಗೂ ಡಿಶ್ ಅಥವಾ ಕೇಬಲ್ ತಂತಿ ಎರಡನ್ನೂ ತೆಗೆಯತಕ್ಕದ್ದು.

9. ದೂರು ಸಲ್ಲಿಸುವ ವಿಧಾನ

'ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ' ಎಂದು ಬಿಲ್ಲಿನಲ್ಲಿ ಮುದ್ರಿಸಿದ ಮಾತ್ರಕ್ಕೆ ದೋಷಪೂರಿತ ವಸ್ತುವಿನ ಹೊಣೆ ತಪ್ಪುವುದಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ಲು ನೀಡದಿರುವುದು, ಹಾಗೂ ದೋಷಪೂರಿತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಗಳಾಗಿವೆ.

ಹಂತಗಳು ಈ ಕೆಳಕಂಡಂತಿವೆ.

(1) ಕಂಪನಿಯ ಗ್ರಾಹಕ ಸೇವೆಗೆ ದೂರು ನೀಡಿ, ದೂರಿನ ಸಂಖ್ಯೆಯನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳುವುದು.
(2) ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು.
(3) ಮಾರಾಟಗಾರರಿಗೂ ತಯಾರಕರಿಗೂ ಲಿಖಿತ ನೋಟಿಸು ಕಳುಹಿಸುವುದು.
(4) ನಂತರ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು. ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ ₹5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. 2025ರ ಜನವರಿ 1ರಂದು ಆರಂಭವಾದ 'ಇ-ಜಾಗೃತಿ' ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು.

ದೂರಿನೊಂದಿಗೆ ಬಿಲ್ಲು, ಖಾತರಿ ಪತ್ರ, ಜಾಹೀರಾತಿನ ಪ್ರತಿ, ದೋಷದ ಛಾಯಾಚಿತ್ರ ಮತ್ತು ಪತ್ರ ವ್ಯವಹಾರದ ಪ್ರತಿಗಳನ್ನು ಲಗತ್ತಿಸುವುದು. ಆನ್‌ಲೈನ್ ಖರೀದಿಯಾದಲ್ಲಿ ಖರೀದಿಯ ದಿನವೇ ವಸ್ತುವಿನ ವಿವರವಿರುವ ಪುಟವನ್ನು ಉಳಿಸಿಟ್ಟುಕೊಳ್ಳುವುದು. ಆ ಪುಟ ನಂತರ ಬದಲಾಗಬಹುದು.

10. ಹಳೆಯ ಟಿ.ವಿ.ಯ ವಿಲೇವಾರಿ

ಹಳೆಯ ಪಿಕ್ಚರ್ ಟ್ಯೂಬ್‌ನ ಗಾಜಿನಲ್ಲಿ ಸೀಸವೂ, ಹಳೆಯ ಎಲ್.ಸಿ.ಡಿ.ಯ ಹಿಂಬೆಳಕಿನ ಟ್ಯೂಬ್‌ಗಳಲ್ಲಿ ಪಾದರಸವೂ ಇರುತ್ತದೆ. ಇವುಗಳನ್ನು ಒಡೆಯುವುದಾಗಲಿ, ಮನೆಯ ಕಸದೊಂದಿಗೆ ಹಾಕುವುದಾಗಲಿ ಆರೋಗ್ಯಕ್ಕೆ ಹಾನಿಕರ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅನ್ವಯ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಹಳೆಯ ಟಿ.ವಿ.ಯನ್ನು ವಿನಿಮಯ ಯೋಜನೆಯಲ್ಲಿ ಅಂಗಡಿಗೆ ಅಥವಾ ನೋಂದಾಯಿತ ಸಂಗ್ರಹಣಾ ಕೇಂದ್ರಕ್ಕೆ ನೀಡುವುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಲ್.ಇ.ಡಿ. ಟಿ.ವಿ.ಯೆಂದು ಕೊಂಡದ್ದು ಎಲ್.ಸಿ.ಡಿ. ಎಂದು ತಿಳಿದುಬಂದಿದೆ. ಇದು ಮೋಸವೇ?
ಉತ್ತರ: ಹಿಂಬೆಳಕು ಎಲ್.ಇ.ಡಿ. ಆಗಿದ್ದಲ್ಲಿ ಅಲ್ಲ. ಆದರೆ ಒ.ಎಲ್.ಇ.ಡಿ. ಎಂದು ಬಿಲ್ಲು ನೀಡಿ ಎಲ್.ಸಿ.ಡಿ. ಕೊಟ್ಟಿದ್ದಲ್ಲಿ ದೂರಿಗೆ ಅವಕಾಶವಿದೆ.

ಪ್ರಶ್ನೆ: ಮನೆಯಲ್ಲಿ ಎಚ್.ಡಿ. ವಾಹಿನಿಗಳ ಚಂದಾ ಇಲ್ಲ. ಎಚ್.ಡಿ. ಟಿ.ವಿ. ಕೊಳ್ಳಬಹುದೇ?
ಉತ್ತರ: ಕೊಳ್ಳಬಹುದು. ಆದರೆ ಗಾತ್ರ ಮಿತವಾಗಿರಲಿ. ಸಾಮಾನ್ಯ ವಾಹಿನಿಗಳು 32 ಇಂಚಿನ ಪರದೆಯಲ್ಲಿ ದೊಡ್ಡ ಪರದೆಗಿಂತ ಸ್ಪಷ್ಟವಾಗಿ ಕಾಣುತ್ತವೆ.

ಪ್ರಶ್ನೆ: ಹೆಚ್ಚುವರಿ ಹಣ ನೀಡಿ ವಿಸ್ತರಿತ ಖಾತರಿ ಪಡೆಯಬೇಕೇ?
ಉತ್ತರ: ಪರದೆಯು ಅದರಲ್ಲಿ ಸೇರಿದೆಯೇ, ಖಾತರಿ ನೀಡುವವರು ತಯಾರಕರೇ ಅಥವಾ ಬೇರೆ ಸಂಸ್ಥೆಯೇ ಎಂಬುದನ್ನು ತಿಳಿದು ನಿರ್ಧರಿಸುವುದು. ಪರದೆ ಸೇರಿರದಿದ್ದಲ್ಲಿ ಪ್ರಯೋಜನ ಕಡಿಮೆ.

ಗ್ರಾಹಕರು ಕೊಠಡಿಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವಂತೆಯೂ, ಬಿಲ್ಲು ಮತ್ತು ಖಾತರಿ ಪತ್ರವನ್ನು ಟಿ.ವಿ. ಬಳಕೆಯಲ್ಲಿರುವವರೆಗೆ ಸುರಕ್ಷಿತವಾಗಿ ಇಟ್ಟುಕೊಳ್ಳುವಂತೆಯೂ ಕೋರಲಾಗಿದೆ.